40 ಟೀ-ಶರ್ಟ್, ತಲಾ 250 ರೂಪಾಯಿ: ಸ್ಕ್ರೀನಾ, ಡಿಟಿಎಫ್ಫಾ, ಸಬ್ಲಿಮೇಶನ್ನಾ?

ನಾಪೋಕ್ಲು ಗ್ಯಾಲರಿ
ಏಪ್ರಿಲ್‌ನಲ್ಲಿ ಕುಟುಂಬ ಹಾಕಿ, ಕೊಡವ ಕುಟುಂಬಗಳ ಟೂರ್ನಿ. ನಮ್ಮ ಒಕ್ಕಕ್ಕೆ (ಮನೆತನಕ್ಕೆ) 40 ಟೀ-ಶರ್ಟ್ ಬೇಕು. ಕೈಯಲ್ಲಿರೋದು 10,000 ರೂಪಾಯಿ, ಅಂದ್ರೆ ತಲಾ 250. ಕಡುನೀಲಿ ಬಟ್ಟೆ, ಎದೆ ಮೇಲೆ ಮೂರು ಬಣ್ಣದ ಚಿಕ್ಕ ಲೋಗೋ (ಕೊಡವರ ಕಿರುಗತ್ತಿ ಪೀಚೆಕತ್ತಿ, ಎರಡು ಹಾಕಿ ಸ್ಟಿಕ್), ಬೆನ್ನಿಗೆ ಹೆಸರು, ನಂಬರ್. ಹೆಸರು ಕನ್ನಡದಲ್ಲೇ ಇರಬೇಕು. ಮೈಸೂರಲ್ಲಿ ವಿಚಾರಿಸಿದ್ರೆ ಸ್ಕ್ರೀನ್ ಪ್ರಿಂಟ್ ಅಂತಾರೆ, ಕುಶಾಲನಗರದಲ್ಲಿ ಡಿಟಿಎಫ್ (ಫಿಲ್ಮ್ ಮೇಲೆ ಪ್ರಿಂಟ್ ಮಾಡಿ ಕಾವು ಕೊಟ್ಟು ಬಟ್ಟೆಗೆ ಒತ್ತೋದು) ಅಂತಾರೆ, ಇನ್ನೊಬ್ಬರು ಸಬ್ಲಿಮೇಶನ್ನೇ ಮಾಡ್ಸಿ ಅಂತ ಹಟ ಹಿಡಿದಿದ್ದಾರೆ. ಯಾವುದು ಸರಿ? ನಾಲ್ಕು ಸಲ ಒಗೆದ ಕೂಡಲೇ ಕಿತ್ತು ಬರಬಾರದು, ಅಷ್ಟೇ.

ಸ್ಕ್ವೀಜಿ
ಮೂವರೂ ಅವರವರ ಹತ್ರ ಇರೋ ಮಷೀನಿನ ಹೆಸರು ಹೇಳಿದ್ದಾರೆ. ನಿಮ್ಮ ಬಟ್ಟೆ ಯಾವುದು ಅಂತ ಒಬ್ಬರೂ ಕೇಳಲಿಲ್ವಾ?

ನಾಪೋಕ್ಲು ಗ್ಯಾಲರಿ
ಕಾಟನ್ ಅಂದ್ಕೊಂಡಿದ್ದೀವಿ.

ಪೊನ್ನಂಪೇಟೆ ಫಾರ್ವರ್ಡ್
ಏಪ್ರಿಲ್ ಮಧ್ಯಾಹ್ನದ ಮ್ಯಾಚಿಗೆ ಕಾಟನ್ ಹಾಕ್ಕೊಂಡು ಯಾರು ಓಡ್ತಾರೆ ಮಾರಾಯ್ರೇ? ಬೆವರು ಕುಡಿದು ಬಟ್ಟೆ ಭಾರ ಆಗ್ತದೆ, ಮೈಗೆ ಅಂಟ್ತದೆ. ಆಡೋರಿಗೆ ಡಾಟ್ ನಿಟ್ (ಸಣ್ಣ ತೂತಿನ ಹೆಣಿಗೆ) ಪಾಲಿಯೆಸ್ಟರ್, ಗ್ಯಾಲರಿಯಲ್ಲಿ ಕೂತು ಕೂಗೋರಿಗೆ ಕಾಟನ್. 40 ಜನಕ್ಕೂ ಒಂದೇ ಬಟ್ಟೆ ಬೇಕು ಅಂತ ಕಾನೂನು ಉಂಟಾ?

ಸ್ಕ್ವೀಜಿ
ಹಾಗೆ ಎರಡು ಬಟ್ಟೆ ಮಾಡಿದ್ರೆ ಎರಡು ಲೆಕ್ಕ. ಸಬ್ಲಿಮೇಶನ್ ಕಾಟನ್ ಮೇಲೆ ನಿಲ್ಲಲ್ಲ. ಅದು ಇಂಕ್ ಅನ್ನೋದಕ್ಕಿಂತ ಡೈ. 190–200 ಡಿಗ್ರಿಯಲ್ಲಿ ಆವಿಯಾಗಿ ಪಾಲಿಯೆಸ್ಟರ್ ನೂಲಿನೊಳಗೆ ಇಳಿಯುತ್ತೆ. ಕಾಟನ್‌ನಲ್ಲಿ ಇಳಿಯೋಕೆ ಜಾಗ ಇಲ್ಲ, ಮೊದಲ ಒಗೆತಕ್ಕೇ ಮಸುಕು. ಅದಕ್ಕಿಂತ ಮುಖ್ಯ, ಅದರಲ್ಲಿ ಬಿಳಿ ಬಣ್ಣವೇ ಇಲ್ಲ. ಕಡುನೀಲಿ ರೆಡಿಮೇಡ್ ಬಟ್ಟೆ ಮೇಲೆ ಏನೂ ಕಾಣಲ್ಲ. ಬಿಳಿ ಪಾಲಿಯೆಸ್ಟರ್ ಮೇಲೆ ನೀಲಿಯನ್ನೂ ಸೇರಿಸಿ ಪ್ರಿಂಟ್ ಮಾಡಿ, ಆಮೇಲೆ ಕತ್ತರಿಸಿ ಹೊಲಿಯಬೇಕು. ಸಬ್ಲಿಮೇಶನ್ ಜೆರ್ಸಿ ಅಂದ್ರೆ ಅದೇ.

ಕುಶಾಲನಗರ ರೋಲ್
ಕೆಲಸವನ್ನ ಹೀಗೆ ಒಡೆದು ನೋಡಿ. 40 ಪೀಸಿಗೆ ಮೂರು ಬಣ್ಣ ಅಂದ್ರೆ ಸ್ಕ್ರೀನ್ ಪ್ರಿಂಟಿಗೆ ಮೂರು ಸ್ಕ್ರೀನು, ಬಣ್ಣಕ್ಕೊಂದು ಜಾಲರಿ ಅಚ್ಚು. ಕಡುಬಣ್ಣದ ಬಟ್ಟೆ ಆದ್ದರಿಂದ ಕೆಳಗೆ ಬಿಳಿ ಬೇಸ್, ಅದಕ್ಕೆ ನಾಲ್ಕನೆಯದು. ಒಂದೊಂದಕ್ಕೂ ಸ್ಕ್ರೀನ್ ಚಾರ್ಜ್ ಕೊಡಬೇಕು. 40 ಪೀಸಾದ್ರೂ ಅಷ್ಟೇ, 400 ಆದ್ರೂ ಅಷ್ಟೇ. ಇನ್ನು ಹೆಸರು, ನಂಬರ್ ಪ್ರತಿಯೊಬ್ಬರಿಗೂ ಬೇರೆ, ಅದಕ್ಕೆ ಸ್ಕ್ರೀನ್ ಗಿಟ್ಟೋದೇ ಇಲ್ಲ. ಡಿಟಿಎಫ್‌ನಲ್ಲಿ ಬಣ್ಣ ಎಷ್ಟಿದ್ರೂ ಒಂದೇ ದುಡ್ಡು, ಮೀಟರ್ ಲೆಕ್ಕ.

60 ಸೆಂ.ಮೀ. ಅಗಲದ ರೋಲಲ್ಲಿ ಪ್ರಿಂಟ್ ಬರೋದು ಸುಮಾರು 56 ಸೆಂ.ಮೀ. ನಂಬರ್ 20 ಸೆಂ.ಮೀ. ಎತ್ತರ, ಎರಡಂಕಿ ಸೇರಿ 22 ಅಗಲ ಅಂತ ಇಟ್ಕೊಳ್ಳಿ. ಅಡ್ಡಕ್ಕೆ ಎರಡು ನಂಬರ್ ಕೂರುತ್ತೆ, ಮಿಕ್ಕ ಜಾಗದಲ್ಲಿ 9 ಸೆಂ.ಮೀ. ಲೋಗೋ: 22+1+22+1+9, ಒಟ್ಟು 55. ಹೀಗೆ ಸಾಲಿನ ನಡುವೆ 1 ಸೆಂ.ಮೀ. ಅಂತರ ಸೇರಿ 20 ಸಾಲಿಗೆ 420 ಸೆಂ.ಮೀ. ಆಗುತ್ತೆ, ಪಕ್ಕದ ಪಟ್ಟಿಯಲ್ಲಿ 40 ಲೋಗೋನೂ ಪುಕ್ಕಟೆ ಮುಗಿಯುತ್ತೆ. ಹೆಸರಿನ ಪಟ್ಟಿ 27×6, ಅಡ್ಡಕ್ಕೆ ಎರಡು, 20 ಸಾಲು, 140 ಸೆಂ.ಮೀ. ಒಟ್ಟು 5.6 ಮೀಟರ್. ಮೀಟರಿಗೆ 300 ಅಂತ ಹಿಡಿದ್ರೂ 1,680, ಒಂದು ಶರ್ಟಿಗೆ 42 ರೂಪಾಯಿ. ಒತ್ತೋ ಕೂಲಿ ಬೇರೆ.

ಮಳೆಬಾಣೆ
ಫಿಲ್ಮ್ ಉಳಿಸೋಕೆ ಹೋಗಿ ಕೈಕೆಲಸ ಹೆಚ್ಚು ಮಾಡ್ತಾ ಇದ್ದೀರಿ. ಹೆಸರು ಬೇರೆ, ನಂಬರ್ ಬೇರೆ ಕತ್ತರಿಸಿದ್ರೆ 40 ಬೆನ್ನಿನ ಮೇಲೆ ಎರಡೆರಡು ತುಂಡು ನೇರ ಕೂರಿಸಬೇಕು. ಒಂದು ಅರ್ಧ ಸೆಂ.ಮೀ. ವಾಲಿದ್ರೂ ಗ್ರೂಪ್ ಫೋಟೋದಲ್ಲಿ ಎದ್ದು ಕಾಣ್ತದೆ. ಹೆಸರು-ನಂಬರ್ ಒಂದೇ ಬ್ಲಾಕಾಗಿ 27×29 ಅಳತೆಯಲ್ಲಿ ಹಾಕ್ಸಿ.

ಕುಶಾಲನಗರ ರೋಲ್
ಆಗ ಬ್ಲಾಕಿಗೇ 600 ಸೆಂ.ಮೀ. ಬೇಕು, ಲೋಗೋಗೆ ಬೇರೆ 80. ಒಟ್ಟು 6.8 ಮೀಟರ್. 360 ರೂಪಾಯಿ ಜಾಸ್ತಿ.

ಮಳೆಬಾಣೆ
ಶರ್ಟಿಗೆ 9 ರೂಪಾಯಿ. ನೆಟ್ಟಗೆ ಕೂತ ಹೆಸರಿಗೆ ಅದು ದುಬಾರಿಯಾ?

ಪೊನ್ನಂಪೇಟೆ ಫಾರ್ವರ್ಡ್
ಇಬ್ಬರೂ 40 ಜನಕ್ಕೆ ನಂಬರ್ ಹಾಕ್ತಾ ಇದ್ದೀರಲ್ಲ! ಆಡೋದು 16 ಜನ. ಗ್ಯಾಲರಿಯಲ್ಲಿರೋ ದೊಡ್ಡಪ್ಪನಿಗೆ 37ನೇ ನಂಬರ್ ಯಾಕೆ?

ಸೋಮವಾರಪೇಟೆ ಅಕ್ಕ
😂 ದೊಡ್ಡಪ್ಪನನ್ನೇ ಕೇಳಿ ನೋಡಿ, ಬೇಕು ಅಂತಾರೆ.

ಕುಶಾಲನಗರ ರೋಲ್
ಒಳ್ಳೆ ಮಾತು. 16 ಜನಕ್ಕೆ ಹೆಸರು-ನಂಬರ್, ಉಳಿದ 24ಕ್ಕೆ ಬೆನ್ನಿಗೆ ಒಕ್ಕದ ಹೆಸರಿನ ಪಟ್ಟಿ ಮಾತ್ರ ಅಂದ್ರೆ ಸುಮಾರು 3.6 ಮೀಟರಿಗೆ ಇಳಿಯುತ್ತೆ. 4 ಮೀಟರ್ ಅಂತಾನೇ ಹಿಡಿಯಿರಿ, 1,200. ಕಾಟನ್ 24×150 = 3,600. ಪಾಲಿಯೆಸ್ಟರ್ 16×140 = 2,240. ಎದೆ, ಬೆನ್ನು ಸೇರಿ 80 ಒತ್ತು, ಒಂದಕ್ಕೆ 10ರಂತೆ 800. ಒಟ್ಟು 7,840, ಜಿಎಸ್‌ಟಿ 5% ಸೇರಿಸಿದ್ರೆ 8,232. ಪಾರ್ಸೆಲ್ ಖರ್ಚು, ಮೂರ್ನಾಲ್ಕು ಸ್ಪೇರ್ ಶರ್ಟ್ ಎಲ್ಲ ಹಾಕಿದ್ರೂ 10,000 ದಾಟಲ್ಲ. ರೇಟು ಅಂಗಡಿಯಿಂದ ಅಂಗಡಿಗೆ ಬದಲಾಗುತ್ತೆ, ಲೆಕ್ಕ ಮಾಡೋ ರೀತಿ ಮಾತ್ರ ಇದೇ.

ಕೈ_ಕೆಸರು
ಇನ್ನೂ ಕಮ್ಮಿ ಬೇಕಂದ್ರೆ ಟ್ರಾನ್ಸ್‌ಫರ್ ಪೇಪರ್ ತಗೊಂಡು ಮನೆ ಇಂಕ್‌ಜೆಟ್‌ನಲ್ಲಿ ಪ್ರಿಂಟ್ ಹೊಡೆದು ಇಸ್ತ್ರಿ ಮಾಡಿದ್ರೆ ಆಯ್ತಲ್ಲ?

ಸ್ಕ್ವೀಜಿ
ಒಂದು ಹುಟ್ಟುಹಬ್ಬಕ್ಕೆ ಆಗುತ್ತೆ. ಆ ಪೇಪರ್ ಬಟ್ಟೆ ಮೇಲೆ ಪ್ಲಾಸ್ಟಿಕ್ ಪದರ ಬಿಡುತ್ತೆ, ಕೆಲವೇ ಒಗೆತಕ್ಕೆ ಬಿರುಕು ಬಿಡುತ್ತೆ. ಕಡುಬಣ್ಣಕ್ಕೆ ಬೇರೆ ಪೇಪರ್, ಅದು ಇನ್ನೂ ದಪ್ಪ. ಇಸ್ತ್ರಿಪೆಟ್ಟಿಗೆಯಲ್ಲಿ ಎರಡು ತೊಂದರೆ: ಒತ್ತಡ ಕೈಬಲದಷ್ಟೇ, ಅಡಿಯಲ್ಲಿ ಸ್ಟೀಮ್ ತೂತುಗಳಿದ್ರೆ ಅಲ್ಲಲ್ಲಿ ಕಾವು ತಾಗಲ್ಲ. ಮಾಡಲೇಬೇಕಂದ್ರೆ ಸ್ಟೀಮ್ ಆಫ್ ಮಾಡಿ, ಮೆತ್ತನೆ ಇಸ್ತ್ರಿ ಟೇಬಲ್ ಬಿಟ್ಟು ಗಟ್ಟಿ ಮರದ ಮೇಜಿನ ಮೇಲೆ ಒಂದು ಪದರ ಬಟ್ಟೆ ಹಾಸಿ ಒತ್ತಿ. ಉಜ್ಜಬೇಡಿ, ಎತ್ತಿ ಎತ್ತಿ ಇಡಿ.

ಮಳೆಬಾಣೆ
ಡಿಟಿಎಫ್ ಒತ್ತೋ ವಿಷಯಕ್ಕೆ ಬರೋಣ, ಕಿತ್ತು ಬರೋದೆಲ್ಲ ಇಲ್ಲೇ ಶುರು. ನಮ್ಮಲ್ಲಿ ಬಟ್ಟೆ ಯಾವಾಗಲೂ ತೇವ ಹಿಡಿದಿರ್ತದೆ, ಮುಟ್ಟಿದ್ರೆ ಗೊತ್ತಾಗಲ್ಲ. ಮೊದಲು ಖಾಲಿ ಶರ್ಟನ್ನೇ 5 ಸೆಕೆಂಡ್ ಒತ್ತಿ, ಆವಿ ಹೋಗ್ತದೆ, ಸುಕ್ಕೂ ಹೋಗ್ತದೆ. ಆಮೇಲೆ ಫಿಲ್ಮ್ ಇಟ್ಟು ಕಾಟನ್‌ಗೆ 150–160 ಡಿಗ್ರಿ, 12–15 ಸೆಕೆಂಡ್. ಕೋಲ್ಡ್ ಪೀಲ್ ಫಿಲ್ಮಾದ್ರೆ ಪೂರ್ತಿ ತಣಿಯೋ ತನಕ ಕೈ ಹಾಕಬಾರದು. ಬಿಸಿ ಇರುವಾಗ ಎಳೆದ್ರೆ ಅಕ್ಷರದ ಅಂಚು ಫಿಲ್ಮ್ ಜೊತೆಗೇ ಎದ್ದು ಬರ್ತದೆ. ಹಾಟ್ ಪೀಲಾದ್ರೆ ಉಲ್ಟಾ, ಬಿಸಿಯಲ್ಲೇ ತೆಗೀಬೇಕು. ಯಾವ ಫಿಲ್ಮ್ ಅಂತ ಅಂಗಡಿಯವರನ್ನ ಕೇಳಿ ಬರೆದಿಟ್ಕೊಳ್ಳಿ. ತೆಗೆದ ಮೇಲೆ ಬಟರ್ ಪೇಪರ್ ಹಾಕಿ ಇನ್ನೊಮ್ಮೆ 5–10 ಸೆಕೆಂಡ್ ಒತ್ತಬೇಕು. ಈ ಎರಡನೇ ಒತ್ತಿನಲ್ಲೇ ಅಂಟು ನೂಲಿನೊಳಗೆ ಕೂರೋದು. ಆತುರದಲ್ಲಿರೋ ಅಂಗಡಿಯವರು ಬಿಡೋದೂ ಇದನ್ನೇ, ಮುಂದೆ ನಿಂತು ಮಾಡ್ಸಿ.

ಕಾಲರ್ ಪಟ್ಟಿ, ಬಟನ್, ದಪ್ಪ ಹೊಲಿಗೆ ಪ್ಲೇಟಿನ ಮೇಲೆ ಬಂದ್ರೆ ಪ್ರೆಸ್ ಅಲ್ಲೇ ಎತ್ತಿ ನಿಲ್ತದೆ, ಪಕ್ಕದ ಲೋಗೋಗೆ ಒತ್ತಡ ಸಿಗಲ್ಲ. ಹೊಲಿಗೆಯನ್ನ ಪ್ಲೇಟಿನ ಅಂಚಿನಿಂದ ಆಚೆಗೆ ಇಳಿಬಿಡಿ. ಇಲ್ಲಾಂದ್ರೆ ಶರ್ಟಿನ ಒಳಗೆ ಸ್ಪಂಜಿನ ಪ್ಯಾಡ್ ಇಡಿ.

ಕೈ_ಕೆಸರು
ಪ್ರಿಂಟಿಗೆ ಕೊಡೋ ಮೊದಲು ಫೈಲನ್ನ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಕೊಡೋದು ಮರೀಬೇಡಿ.

ಕುಶಾಲನಗರ ರೋಲ್
ದಯವಿಟ್ಟು ಕೊಡಬೇಡಿ! ಡಿಟಿಎಫ್‌ನಲ್ಲಿ ತಿರುಗಿಸೋ ಕೆಲಸ ಪ್ರಿಂಟರಿನ ಸಾಫ್ಟ್‌ವೇರ್ ಮಾಡುತ್ತೆ. ನೀವೂ ತಿರುಗಿಸಿ ಕೊಟ್ರೆ 4 ಮೀಟರ್ ಪೂರ್ತಿ ಉಲ್ಟಾ ಅಕ್ಷರ.

ಕೈ_ಕೆಸರು
ವಿನೈಲ್‌ಗೆ (ಅಕ್ಷರ ಕತ್ತರಿಸಿ ಬಟ್ಟೆಗೆ ಅಂಟಿಸೋ ಹಾಳೆ) ತಿರುಗಿಸಲೇಬೇಕಲ್ಲ.

ಕುಶಾಲನಗರ ರೋಲ್
ವಿನೈಲ್ ಕತ್ತರಿಸುವಾಗ ಹೌದು, ಹಿಂಬದಿಯಿಂದ ಕತ್ತರಿಸ್ತಾರಲ್ಲ. ಇಲ್ಲಿ ಮಾತು ಡಿಟಿಎಫ್‌ದು.

ಅರ್ಕಾವತ್ತು
ಕನ್ನಡ ಹೆಸರು ಅಂದ್ರಲ್ಲ, ಯಾರೂ ಅದರ ಬಗ್ಗೆ ಮಾತೇ ಆಡ್ತಿಲ್ಲ. ಫೈಲ್ ತಯಾರಿಯಲ್ಲಿ ಹೆಚ್ಚು ಕೆಡೋದು ಅದೇ.

ಇಂಗ್ಲಿಷಲ್ಲಿ 6 ಸೆಂ.ಮೀ. ಪಟ್ಟಿ ಅಂದ್ರೆ ಅಕ್ಷರವೂ 6 ಸೆಂ.ಮೀ. ಕನ್ನಡದಲ್ಲಿ ಹಾಗಲ್ಲ. ‘ಪೊನ್ನಪ್ಪ’ ಅಂತ ಬರೆದ್ರೆ ಕೆಳಗೆ ಎರಡು ಒತ್ತು, ಮೇಲೆ ಕೊಂಬು-ಸುಳಿ. ಇಷ್ಟೂ ಆ 6 ಸೆಂ.ಮೀ. ಒಳಗೇ ಕೂರಬೇಕು, ಅಕ್ಷರದ ಮೈ 4 ಸೆಂ.ಮೀ.ಗೆ ಇಳಿಯುತ್ತೆ. ಒತ್ತಕ್ಷರ ಇಲ್ಲದ ‘ರವಿ’ಯನ್ನ ಅದೇ ಪಟ್ಟಿಗೆ ಎಳೆದು ತುಂಬಿಸಿದ್ರೆ ಪೊನ್ನಪ್ಪನ ಪಕ್ಕ ರವಿ ದೈತ್ಯನ ಹಾಗೆ ಕಾಣ್ತಾನೆ. ಎಲ್ಲ ಹೆಸರಿಗೂ ಒಂದೇ ಫಾಂಟ್ ಸೈಜ್ ಇಡಿ. ಅತಿ ಉದ್ದದ, ಒತ್ತು ಇರೋ ಹೆಸರನ್ನ ಮೊದಲು ಕೂರಿಸಿ, ಉಳಿದವಕ್ಕೆ ಅದೇ ಸೈಜ್. ಒತ್ತಿನ ತಳದಿಂದ ನಂಬರಿಗೆ 3 ಸೆಂ.ಮೀ. ಅಂತರ ಬಿಡಿ.

ಇನ್ನು ಫಾಂಟ್. ಹಳೆ ನುಡಿ ಫಾಂಟಲ್ಲಿ ಟೈಪ್ ಮಾಡಿದ ಫೈಲನ್ನ ಆ ಫಾಂಟ್ ಇಲ್ಲದ ಕಂಪ್ಯೂಟರಲ್ಲಿ ತೆರೆದ್ರೆ ಬರೋದು ಅರ್ಥವಿಲ್ಲದ ಚಿಹ್ನೆಗಳು. ಯೂನಿಕೋಡಲ್ಲಿ ಕೊಟ್ರೂ ಹಳೆ ಕೋರಲ್‌ಡ್ರಾ (ಅಂಗಡಿಯ ಡಿಸೈನ್ ಸಾಫ್ಟ್‌ವೇರ್) ಒತ್ತಕ್ಷರವನ್ನ ಬಿಡಿಸಿಟ್ಟುಬಿಡುತ್ತೆ, ‘ಪ್ಪ’ ಹೋಗಿ ‘ಪ್‌ಪ’ ಆಗುತ್ತೆ. ಅಂಗಡಿಯ ಹುಡುಗ ಕನ್ನಡ ಓದದವನಾದ್ರೆ ಅದು ಹಾಗೇ ಪ್ರಿಂಟಾಗಿ ಬರುತ್ತೆ. ದಾರಿ ಸುಲಭ: ಇಂಕ್‌ಸ್ಕೇಪ್ ಅನ್ನೋ ಉಚಿತ ಡ್ರಾಯಿಂಗ್ ಸಾಫ್ಟ್‌ವೇರಲ್ಲಿ ಟೈಪ್ ಮಾಡಿ, ಶಿಫ್ಟ್-ಕಂಟ್ರೋಲ್-ಸಿ ಒತ್ತಿ ಅಕ್ಷರವನ್ನ ಪಾತ್ ಮಾಡಿ, ಆಮೇಲೆ ಪಿಡಿಎಫ್ ಕೊಡಿ. ಅಲ್ಲಿಂದ ಮುಂದೆ ಅದು ಬರೀ ಆಕಾರ, ಯಾವ ಕಂಪ್ಯೂಟರಲ್ಲೂ ಒಡೆಯಲ್ಲ. ಆದ್ರೆ ಪಾತ್ ಮಾಡಿದ ಮೇಲೆ ಕಾಗುಣಿತ ತಿದ್ದೋಕಾಗಲ್ಲ, ಟೈಪ್ ಮಾಡಿದ ಪ್ರತಿಯನ್ನ ಬೇರೆ ಇಟ್ಕೊಳ್ಳಿ. ಫಾಂಟಿಗೆ ಬಾಲೂ ತಮ್ಮ 2 ಅಥವಾ ಅನೇಕ್ ಕನ್ನಡದ ದಪ್ಪ ತೂಕ ನೋಡಿ. ಎರಡೂ ಉಚಿತ, ದೂರಕ್ಕೂ ಓದಬಹುದು.

ಸ್ಕ್ವೀಜಿ
ಇದಕ್ಕೆ ಒಂದು ಸೇರಿಸ್ತೀನಿ. ಲೋಗೋ ಒಳಗೆ ಚಿಕ್ಕ ಕನ್ನಡ ಅಕ್ಷರ ಇದ್ರೆ ‘ಥ’ದ ಚುಕ್ಕಿ, ‘ಧ’ದ ಸೀಳು ಇಂಕಲ್ಲಿ ಮುಚ್ಚಿಹೋಗುತ್ತೆ. ಸ್ಕ್ರೀನಲ್ಲಂತೂ ಗ್ಯಾರಂಟಿ. 9 ಸೆಂ.ಮೀ. ಲೋಗೋದಲ್ಲಿ ಊರು, ಇಸವಿ, ಘೋಷವಾಕ್ಯ ಎಲ್ಲ ತುರುಕಬೇಡಿ.

ಅರ್ಕಾವತ್ತು
ನೆರಳು, ಹೊಗೆ ಥರದ ಅಂಚೂ ಬೇಡ. ಡಿಟಿಎಫ್‌ನಲ್ಲಿ ಬಣ್ಣದ ಹಿಂದೆ ಬಿಳಿ ಪದರ ಬರುತ್ತೆ. ಅರೆಪಾರದರ್ಶಕ ನೆರಳಿನ ಹಿಂದೆಯೂ ಬಿಳಿ ಬಂದು ನೀಲಿ ಬಟ್ಟೆ ಮೇಲೆ ಬೂದಿ ಚೆಲ್ಲಿದ ಹಾಗಿರುತ್ತೆ. ಗಡಿ ಚೂಪಾಗಿರಲಿ, ಪಿಡಿಎಫ್ ಬದಲು ಚಿತ್ರವಾಗಿ ಕೊಡೋದಾದ್ರೆ ಹಿನ್ನೆಲೆ ಪೂರ್ತಿ ತೆಗೆದ ಪಿಎನ್‌ಜಿ ಕೊಡಿ, 300 ಡಿಪಿಐ. 27 ಸೆಂ.ಮೀ. ಪಟ್ಟಿಗೆ ಸುಮಾರು 3,200 ಪಿಕ್ಸೆಲ್ ಅಗಲ, 9 ಸೆಂ.ಮೀ. ಲೋಗೋಗೆ 1,060ರಷ್ಟು. ವಾಟ್ಸಾಪಲ್ಲಿ ಫೋಟೋ ಆಗಿ ಕಳಿಸಿದ್ರೆ ಅದು ಕುಗ್ಗಿಸಿಬಿಡುತ್ತೆ, ಪಿಎನ್‌ಜಿಯ ಪಾರದರ್ಶಕತೆಯೂ ಹೋಗುತ್ತೆ. ಡಾಕ್ಯುಮೆಂಟ್ ಅಂತ ಕಳಿಸಿ.

ನಾಪೋಕ್ಲು ಗ್ಯಾಲರಿ
ನಮ್ಮ ಲೋಗೋ ಈಗಿರೋದೇ ವಾಟ್ಸಾಪ್ ಫೋಟೋ.

ಅರ್ಕಾವತ್ತು
ಮೂರೇ ಬಣ್ಣ ತಾನೇ. ಇಂಕ್‌ಸ್ಕೇಪಲ್ಲಿ ಅದರ ಮೇಲೆ ಗೆರೆ ಎಳೆದು ಹೊಸದಾಗಿ ಬಿಡಿಸಿ. ತಾನೇ ಗೆರೆ ಎಳೆಯೋ ಟ್ರೇಸ್ ಬಿಟ್‌ಮ್ಯಾಪ್ ಒತ್ತಿದ್ರೆ ಪೀಚೆಕತ್ತಿಯ ಹಿಡಿ ಗೆದ್ದಲು ತಿಂದ ಹಾಗೆ ಬರುತ್ತೆ, ಕೈಯಲ್ಲೇ ಮಾಡಿ.

ಹೂಮಳೆ
ಬಟ್ಟೆ ವಿಷಯಕ್ಕೆ ಇಷ್ಟು. ತಿರುಪ್ಪೂರು ಮಾಲು ಅಂತ ಹೇಳಿ 140 ಜಿಎಸ್‌ಎಂನ (ಚದರ ಮೀಟರಿಗೆ ಇಷ್ಟು ಗ್ರಾಂ ಅನ್ನೋ ಅಳತೆ) ತೆಳು ಬಟ್ಟೆ ದಾಟಿಸ್ತಾರೆ. 180 ಜಿಎಸ್‌ಎಂ, ಕೋಂಬ್ಡ್ ಕಾಟನ್ (ಬಾಚಿ ಗಿಡ್ಡ ನಾರು ತೆಗೆದದ್ದು), ಬಯೋ ವಾಶ್ (ಎಂಜೈಮಲ್ಲಿ ತೊಳೆದು ಜುಂಗು ತೆಗೆದದ್ದು), ಈ ಮೂರೂ ಬಿಲ್ಲಲ್ಲಿ ಬರೆಸಿ. ಅನುಮಾನ ಇದ್ರೆ ಒಂದು ಸ್ಯಾಂಪಲ್ ಶರ್ಟಲ್ಲಿ 10×10 ಸೆಂ.ಮೀ. ಚೌಕ ಕತ್ತರಿಸಿ ಚಿನ್ನದ ಅಂಗಡಿ ತಕ್ಕಡಿಯಲ್ಲಿ ತೂಗ್ಸಿ. 1.8 ಗ್ರಾಂ ಬಂದ್ರೆ 180. ಅಂಚಿನ ಒಂದು ನೂಲು ಸುಟ್ಟು ನೋಡಿ: ಕಾಗದ ಸುಟ್ಟ ವಾಸನೆ, ಮೆತ್ತನೆ ಬೂದಿ ಅಂದ್ರೆ ಕಾಟನ್, ಕರಗಿ ಗಟ್ಟಿ ಮಣಿಯಾದ್ರೆ ಪಾಲಿಯೆಸ್ಟರ್ ಬೆರೆತಿದೆ. ಸ್ಯಾಂಪಲನ್ನ ಪ್ರಿಂಟಿಗೆ ಮೊದಲೇ ಒಮ್ಮೆ ಒಗೆದು ಉದ್ದ-ಅಗಲ ಅಳೆಯಿರಿ. ಬಟ್ಟೆ ಕುಗ್ಗುತ್ತೆ, ಪ್ರಿಂಟ್ ಕುಗ್ಗಲ್ಲ, ಸುತ್ತ ನೆರಿಗೆ ಬೀಳುತ್ತೆ.

ಸೋಮವಾರಪೇಟೆ ಅಕ್ಕ
ಸೈಜ್ ಕೇಳುವಾಗ ‘ಎಲ್ಲಾ, ಎಕ್ಸ್‌ಎಲ್ಲಾ’ ಅಂತ ಗ್ರೂಪಲ್ಲಿ ಕೇಳಬೇಡಿ. ಪ್ರತಿ ಕಂಪನಿಯ ಎಲ್ ಬೇರೆ. ಈಗ ಸರಿಯಾಗೋ ಶರ್ಟನ್ನ ಹಾಸಿ, ಕಂಕುಳಿಂದ ಕಂಕುಳಿಗೆ ಇಂಚಲ್ಲಿ ಅಳೆದು ಹೇಳಿ ಅನ್ನಿ. 21 ಇಂಚು ಅಂದ್ರೆ ಎದೆ ಸುತ್ತ 42.

ಕಕ್ಕಬ್ಬೆ ಕರಿಮೆಣಸು
ಕಾಫಿ ಹಣ್ಣಿನ ಕಲೆ, ಬಾಳೆ ಸೊನೆ ಕಲೆ ಹೋಗೋ ಟೀ-ಶರ್ಟ್ ಯಾವುದಾದ್ರೂ ಉಂಟಾ? ತೋಟಕ್ಕೆ ಬೇಕಿತ್ತು.

ಸೋಮವಾರಪೇಟೆ ಅಕ್ಕ
ಕಪ್ಪು.

ಮಳೆಬಾಣೆ
ಪಾಲಿಯೆಸ್ಟರ್ ಜೆರ್ಸಿಗೆ ಡಿಟಿಎಫ್ ಅಂತ ಸಲೀಸಾಗಿ ಹೇಳಿಬಿಟ್ರಿ, ಅಲ್ಲೊಂದು ಅಪಾಯ ಉಂಟು. ಬಟ್ಟೆಯ ಬಣ್ಣವೇ ಕಾವಿಗೆ ಮೇಲೆದ್ದು ಬಿಳಿ ಇಂಕಿಗೆ ಹತ್ತಿಕೊಳ್ತದೆ. ಮರೂನ್, ಕೆಂಪಲ್ಲಿ ಅತಿ ಕೆಟ್ಟದಾಗಿ, ಕಡುನೀಲಿಯೂ ಬಿಡಲ್ಲ. ಒತ್ತಿದಾಗ ಬಿಳಿ ಬಿಳಿಯಾಗೇ ಇರ್ತದೆ, ನಾಲ್ಕು ದಿನ ಬಿಟ್ಟು ನೋಡಿದ್ರೆ ನಂಬರೆಲ್ಲ ಮಂಕು. ಕಡಿಮೆ ಕಾವಿನ ಪೌಡರ್ (ಬೇಗ ಕರಗೋ ಅಂಟಿನ ಪುಡಿ) ಬಳಸೋರ ಹತ್ರ ಮಾಡ್ಸಿ 120–130 ಡಿಗ್ರಿಯಲ್ಲಿ ಒತ್ತಬೇಕು. ಅದಿಲ್ಲಾಂದ್ರೆ ಬಿಳಿಯ ಹಿಂದೆ ಬಣ್ಣ ತಡೆಯೋ ಕಪ್ಪು ಪದರ ಇರೋ ಫಿಲ್ಮೇ ಬೇಕು. ಒಂದು ಪೀಸ್ ಒತ್ತಿ ಒಂದು ವಾರ ಇಟ್ಟು ನೋಡಿ, ಆಮೇಲೆ 16ಕ್ಕೂ ಕೈ ಹಾಕಿ.

ಪೊನ್ನಂಪೇಟೆ ಫಾರ್ವರ್ಡ್
ಅದಕ್ಕೇ ಆಟಗಾರರಿಗೆ ಸಬ್ಲಿಮೇಶನ್ ಅಂದಿದ್ದು ಆ ಮೂರನೆಯವರು. ಬಣ್ಣ ನೂಲಿನೊಳಗೇ ಇರ್ತದೆ, ಕೀಳಲು ಪದರವೇ ಇಲ್ಲ, ಬೆನ್ನಿನ ಮೇಲೆ ಗಾಳಿ ಆಡ್ತದೆ. ಹೆಸರು, ನಂಬರ್, ಸ್ಪಾನ್ಸರ್ ಎಷ್ಟು ತುಂಬಿದ್ರೂ ಪ್ರಿಂಟಿಗೆ ಬೇರೆ ದುಡ್ಡಿಲ್ಲ.

ಕುಶಾಲನಗರ ರೋಲ್
ಪೀಸಿಗೆ 300ರಿಂದ 350 ಕೇಳ್ತಾರೆ, ಹೊಲಿಗೆ ಇರೋದ್ರಿಂದ ದಿನವೂ ಹೆಚ್ಚು. 16×350 = 5,600. ಉಳಿದ 4,400ರಲ್ಲಿ 24 ಕಾಟನ್ ಆಗಬೇಕು, ತಲಾ 183. 150ರ ಬಟ್ಟೆ ಕಳೆದ್ರೆ ಪ್ರಿಂಟಿಗೆ 33.

ಸ್ಕ್ವೀಜಿ
ಆ 24ಕ್ಕೆ ಸ್ಕ್ರೀನ್ ಬರುತ್ತೆ ನೋಡಿ! ಮೂರು ಬಣ್ಣದ ಲೋಗೋ ಬಿಟ್ಟು ಬಿಳಿ ಒಂದೇ ಬಣ್ಣದಲ್ಲಿ ಬೆನ್ನಿಗೆ ದೊಡ್ಡದಾಗಿ ಒಕ್ಕದ ಹೆಸರು. ಸ್ಕ್ರೀನ್ ಒಂದಕ್ಕೆ 400, ಒತ್ತೋಕೆ ಪೀಸಿಗೆ 15, ಒಟ್ಟು 760. ಶರ್ಟಿಗೆ 32ರ ಹತ್ರ. ಎದೆ ಖಾಲಿ ಇರಲಿ. ದುಡ್ಡು ಕಮ್ಮಿ ಇದ್ದಾಗ ಎರಡು ಕಡೆ ಸಣ್ಣ ಪ್ರಿಂಟಿಗಿಂತ ಒಂದೇ ಕಡೆ ದೊಡ್ಡ ಪ್ರಿಂಟ್ ಚೆಂದ.

ಮಳೆಬಾಣೆ
32 ಅಂತ ಬರೆಯೋದು ಸುಲಭ. ಆ ರೇಟಿಗೆ ಮಾಡೋರು ವಾಟರ್‌ಬೇಸ್ ಪಿಗ್ಮೆಂಟ್ ಒತ್ತಿ ಬಿಸಿಲಿಗೆ ಹಾಕ್ತಾರೆ, ಎರಡು ಒಗೆತಕ್ಕೆ ಬಿಳಿ ಬೂದಿ ಬಣ್ಣ.

ಸ್ಕ್ವೀಜಿ
ಕ್ಯೂರ್ ಮಾಡದಿದ್ರೆ, ಅಂದ್ರೆ ಕಾವು ಕೊಟ್ಟು ಗಟ್ಟಿ ಮಾಡದಿದ್ರೆ, ಯಾವ ಇಂಕೂ ನಿಲ್ಲಲ್ಲ, ತಪ್ಪು ಸ್ಕ್ರೀನಿನದಲ್ಲ. ಕೊಡೋ ಮೊದಲು ಮೂರು ವಿಷಯ ಕೇಳಿ. ಪ್ಲಾಸ್ಟಿಸಾಲಾ (ಕಾವಿಗೆ ಮಾತ್ರ ಗಟ್ಟಿಯಾಗೋ ಪ್ಲಾಸ್ಟಿಕ್ ಇಂಕ್)? ಹಾಗಿದ್ರೆ ಇಂಕಿನ ಪದರ ಪೂರ್ತಿ 160 ಡಿಗ್ರಿ ಮುಟ್ಟಬೇಕು, ಮೇಲ್ಮೈ ಮಾತ್ರ ಸಾಲದು. ವಾಟರ್‌ಬೇಸಾ? ಹಾಗಿದ್ರೆ ಫಿಕ್ಸರ್ ಬೆರೆಸಿ ಡಬ್ಬಿಯಲ್ಲಿ ಹೇಳಿದಷ್ಟು ಕಾವು ಕೊಡ್ತಾರಾ? ಬೆರೆಸಿದ್ದು ಅವತ್ತೇ ಖಾಲಿ ಮಾಡ್ತಾರಾ? ಕಡುನೀಲಿ ಮೇಲೆ ಬಿಳಿಯನ್ನ ಒಂದೇ ಎಳೆತಕ್ಕೆ ಮುಗಿಸ್ತಾರಾ, ಇಲ್ಲಾ ಒತ್ತಿ, ಫ್ಲ್ಯಾಶ್ (ಅರೆ ಒಣಗೋಷ್ಟು ಕಾವು) ಕೊಟ್ಟು, ಮತ್ತೆ ಒತ್ತುತ್ತಾರಾ? ಎರಡು ಸಲ ಬೇಕು. ಸ್ಕ್ರೀನಿನ ಮೆಶ್ 43ಟಿ ಸಾಕು, ಅಂದ್ರೆ ಜಾಲರಿಯಲ್ಲಿ ಸೆಂ.ಮೀ.ಗೆ 43 ನೂಲು. ಪ್ಲಾಸ್ಟಿಸಾಲಾದ್ರೆ ಒಣಗಿದ ಪ್ರಿಂಟನ್ನ ಎರಡೂ ಕೈಯಲ್ಲಿ ಎಳೆದು ನೋಡಿ, ಬಿರುಕು ಬಿಟ್ರೆ ಕಾವು ಸಾಲದು.

ಹೂಮಳೆ
ಮಳೆಗಾಲದಲ್ಲಿ ಮನೆಯಲ್ಲೇ ಸ್ಕ್ರೀನ್ ಕೂರಿಸೋ ಯೋಚನೆ ಇರೋರಿಗೂ ಒಂದು ಮಾತು. ಜುಲೈಯಲ್ಲಿ ಸ್ಕ್ರೀನಿಗೆ ಹಚ್ಚೋ ಎಮಲ್ಷನ್ (ಬೆಳಕು ಬಿದ್ದಲ್ಲಿ ಗಟ್ಟಿಯಾಗೋ ಲೇಪ) ಒಣಗೋದೇ ಇಲ್ಲ. ಮೇಲೆ ಒಣಗಿದ ಹಾಗೆ ಕಾಣುತ್ತೆ, ಒಳಗೆ ಹಸಿ. ಬೆಳಕು ಕೊಟ್ಟು ತೊಳೆದ್ರೆ ಚಿತ್ರವೇ ಕೊಚ್ಚಿ ಹೋಗುತ್ತೆ. ಕತ್ತಲೆ ಪೆಟ್ಟಿಗೆಯಲ್ಲಿ ಸಣ್ಣ ಫ್ಯಾನ್ ಇಡಿ, ಬಲ್ಬ್ ಬೇಕಂದ್ರೆ ಹಳದಿ ಮಾತ್ರ. ಡಿಟಿಎಫ್ ಫಿಲ್ಮನ್ನೂ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಗಾಳಿಯಾಡದ ಕವರಲ್ಲಿಡಿ.

ಹೀಟ್ ಪ್ರೆಸ್ ತಗೊಳ್ಳೋರು ಮನೆಯ ವೋಲ್ಟೇಜ್ ನೋಡ್ಕೊಳ್ಳಿ. 38×38 ಮಷೀನು ಸುಮಾರು 2,000 ವ್ಯಾಟ್ ಎಳೆಯುತ್ತೆ, ಮಾಮೂಲಿ ಮನೆ ಇನ್ವರ್ಟರ್‌ಗೆ ಆಗದ ಮಾತು, 16 ಆಂಪ್ ಪ್ಲಗ್ಗೇ ಬೇಕು. ಲೈನಿನ ಕೊನೆಯ ಮನೆಗಳಲ್ಲಿ ಕಾವು ಏರೋಕೆ ಯುಗ ಹಿಡಿಯುತ್ತೆ. ಡಿಸ್‌ಪ್ಲೇಯಲ್ಲಿ 150 ಅಂದ್ರೂ ಪ್ಲೇಟಿನ ಮೂಲೆಯಲ್ಲಿ ಅಷ್ಟಿಲ್ಲದಿರಬಹುದು, ದೊಡ್ಡ ಬ್ಲಾಕಿನ ಮೂಲೆಯೇ ಮೊದಲು ಏಳೋದು ಅದಕ್ಕೆ.

ಕಕ್ಕಬ್ಬೆ ಕರಿಮೆಣಸು
ಹೋಂಸ್ಟೇ ಹುಡುಗರಿಗೆ ಕಾಲರ್ ಟೀ-ಶರ್ಟ್ ಆರು ಬೇಕು. ಅದಕ್ಕೂ ಇದೇನಾ?

ಸ್ಕ್ವೀಜಿ
ಅದಕ್ಕೆ ಎಂಬ್ರಾಯ್ಡರಿ. 220 ಜಿಎಸ್‌ಎಂ ಮೇಲಿನ ಪಿಕೆ (ಉಬ್ಬು ಹೆಣಿಗೆಯ) ಬಟ್ಟೆ ತಗೊಳ್ಳಿ, ತೆಳು ಬಟ್ಟೆ ಹೊಲಿಗೆಗೆ ಸುಕ್ಕಾಗುತ್ತೆ. ಡಿಜಿಟೈಸಿಂಗ್ (ಲೋಗೋವನ್ನ ಹೊಲಿಗೆ ಫೈಲ್ ಮಾಡೋದು) ಚಾರ್ಜ್ ಒಂದೇ ಸಲ, ಆಮೇಲೆ ಹೊಲಿಗೆ ಲೆಕ್ಕ. ಆ ಫೈಲನ್ನ ಕೇಳಿ ಇಸ್ಕೊಳ್ಳಿ, ಮುಂದಿನ ಸಲ ಬೇರೆ ಅಂಗಡಿಗೂ ಆಗುತ್ತೆ.

ಕೈ_ಕೆಸರು
1997ರಲ್ಲಿ ಕರಡದಲ್ಲಿ ಪಾಂಡಂಡ ಕುಟುಂಬದವರು ಈ ಹಾಕಿ ಹಬ್ಬ ಶುರು ಮಾಡಿದಾಗ ಇಷ್ಟೆಲ್ಲ ಪ್ರಿಂಟ್ ಇತ್ತಾ? ಯಾವ ಬಣ್ಣದ ಬನಿಯನ್ ಆದ್ರೂ ಆಟ ಆಟವೇ.

ಸೋಮವಾರಪೇಟೆ ಅಕ್ಕ
ಹಾಗಾದ್ರೆ ನಿಮ್ಮ ಟೀಮಿಗೆ ಬನಿಯನ್ನೇ ಹಾಕ್ಸಿ, ನಾವು ನೋಡೋಕೆ ಬರಲ್ಲ.

ನಾಪೋಕ್ಲು ಗ್ಯಾಲರಿ
ಸರಿ, ಹೀಗೆ ತೀರ್ಮಾನ ಮಾಡ್ತಾ ಇದ್ದೀವಿ: 16 ಪಾಲಿಯೆಸ್ಟರ್, 24 ಕಾಟನ್. ಎಲ್ಲಕ್ಕೂ ಡಿಟಿಎಫ್, ಜೆರ್ಸಿಗೆ ಕಡಿಮೆ ಕಾವಿನ ಪೌಡರ್. ಹೆಸರು-ನಂಬರ್ ಒಂದೇ ಬ್ಲಾಕ್, ಮಳೆಬಾಣೆಯವರು ಹೇಳಿದ ಹಾಗೆ. ಒಗೆಯೋದು ಹೇಗೆ?

ಮಳೆಬಾಣೆ
ಒತ್ತಿ ಒಂದು ದಿನ ಬಿಟ್ಟು. ಒಳಮೈ ಹೊರಗೆ ತಿರುಗಿಸಿ ತಣ್ಣೀರಲ್ಲಿ, ಕಲ್ಲಿಗೆ ಬಡಿಯೋದು ಬೇಡ. ಇಸ್ತ್ರಿ ಒಳಮೈ ಕಡೆಯಿಂದಲೇ. ಬೆನ್ನಿನ ಬ್ಲಾಕ್ ಕಾಲರ್ ಹೊಲಿಗೆಯಿಂದ 8–10 ಸೆಂ.ಮೀ. ಕೆಳಗೆ ಬರಲಿ. ಒಂದು ರಟ್ಟು ಆ ಅಳತೆಗೆ ಕತ್ತರಿಸಿ ಅಂಗಡಿಯವರ ಕೈಗೇ ಕೊಡಿ.

ಪೊನ್ನಂಪೇಟೆ ಫಾರ್ವರ್ಡ್
ಆರ್ಡರ್ ಕೊಡೋ ಮೊದಲು ಇನ್ನೊಂದು. 16ರಲ್ಲಿ ಗೋಲ್‌ಕೀಪರ್ ಲೆಕ್ಕ ಹಿಡಿದಿದ್ದೀರಾ? ಅವನಿಗೆ ನೀಲಿ ಆಗಲ್ಲ, ಎರಡೂ ಟೀಮಿನ ಬಣ್ಣ ಬಿಟ್ಟು ಬೇರೆಯದೇ ಬೇಕು. ಎದೆ ಗಾರ್ಡಿನ ಮೇಲೆ ಹಾಕೋದ್ರಿಂದ ಎರಡು ಸೈಜ್ ದೊಡ್ಡದು ಬರೆಸಿ.

ನಾಪೋಕ್ಲು ಗ್ಯಾಲರಿ
15 ನೀಲಿ, 1 ಹಳದಿ. ಹಳದಿ ಮೇಲೆ ಬಿಳಿ ನಂಬರ್ ಕಾಣಲ್ವಲ್ಲ?

ಅರ್ಕಾವತ್ತು
ಅವನದೊಂದಕ್ಕೆ ಕಪ್ಪು ಕೊಡಿ. ಡಿಟಿಎಫ್‌ನಲ್ಲಿ ಬಣ್ಣ ಬದಲಿಸಿದ್ರೆ ದುಡ್ಡು ಬದಲಾಗಲ್ಲ.